ಲಡ್ಡುವಿನ ಮಂಡಿ ಚಿಪ್ಪು, ನನ್ನ ಹೊಟ್ಟೆಕಿಚ್ಚು

ಮೊದಲು ಖರ್ಚು ಹೇಳಿಬಿಡುತ್ತೇನೆ: ನಾಲ್ಕು ಸಾವಿರದ ಎಂಟುನೂರು ಡಾಲರ್. ಅದರಲ್ಲಿ ಒಂಬೈನೂರು ದಂಡ. ಡಾಕ್ಟರಿಗೆ ನಾನೇ ಪಾಠ ಹೇಳಿ, ಮಂಡಿ ಬಿಟ್ಟು ಸೊಂಟದ ಎಕ್ಸ್‌ರೇ ತೆಗೆಸಿದ್ದೆ.

ಲಡ್ಡು ನಮ್ಮ ಹತ್ತು ತಿಂಗಳ ನಾಯಿಮರಿ. ಇಲ್ಲೇ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಚೌಕಾಸಿ ಮಾಡಿ ತಂದದ್ದು. ಅದೇ ಸೂಲಿನ ರಾಣಿಯನ್ನು ಗೆಳೆಯ ರಘು ಕೇಳಿದಷ್ಟು ಕೊಟ್ಟು ಒಯ್ದಿದ್ದ. ಕಳೆದ ಕಾರ್ತಿಕದಲ್ಲಿ ಲಡ್ಡು ಓಡುವಾಗ ಹಿಂಗಾಲೊಂದನ್ನು ಎತ್ತಿ ಕುಪ್ಪಳಿಸತೊಡಗಿತು. ನಾಲ್ಕು ಹೆಜ್ಜೆಗೆ ಮತ್ತೆ ಸರಿ. ಬರಬರುತ್ತ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿತು. ಆಸ್ಪತ್ರೆಯ ಮೇಜಿನ ಮೇಲೆ ಮೈ ಬಿಗಿಹಿಡಿದು ನಿಲ್ಲುತ್ತಿತ್ತು. ಎರಡು ಸಲ ಹೋಗಿ, ಹಟ ಹಿಡಿದು ಸೊಂಟದ ಎಕ್ಸ್‌ರೇ ತೆಗೆಸಿದರೂ ಏನೂ ಗೊತ್ತಾಗಲಿಲ್ಲ.

ಅತ್ತ ರಾಣಿ ಚೆಂಡು ಹಿಡಿಯುವ ವಿಡಿಯೊ ರಘುವಿನಿಂದ ದಿನವೂ ಬರುತ್ತಿತ್ತು. "ರೇಟ್ ಇಳಿಸಿ ತಂದ್ಯಲ್ಲ ಗೌಡ, ಒಂದು ಕಾಲು ಕಮ್ಮಿ ಕೊಟ್ಟವ್ರೆ!" ಎಂದು ನಕ್ಕ. ನನ್ನ ಮೈಯೆಲ್ಲ ಉರಿದುಹೋಯಿತು.

ನಮ್ಮ ಮನೆದೇವರು ಕಾಲಭೈರವ. ನಾಯಿಯೇ ಅವನ ವಾಹನ. ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿ, "ಲಡ್ಡು ಓಡಲಿ" ಎಂದು ಬೇಡಿದೆ. ಮುಚ್ಚಿಡುವುದಿಲ್ಲ, "ಆಗದಿದ್ದರೆ ರಾಣಿಯೂ ಕುಂಟಲಿ" ಎಂದೂ ಸೇರಿಸಿದೆ. ಹೆಂಡತಿ ಲತಾಗೆ ಕೇಳಿಸಿತು. "ದೇವರ ಹತ್ರಾನೂ ಎರಡು ಕೊಟೇಷನ್ನೇನ್ರೀ?" ಎಂದಳು.

ಆ ಭಾನುವಾರ ಊರಾಚೆಯ ಸ್ವಾನ್ ವ್ಯಾಲಿಯಲ್ಲಿ ಎರಡೂ ಮನೆಯವರು ಸೇರಿದ್ದೆವು. ರಾಣಿಯ ಓಟದಲ್ಲಿ ಏನಾದರೂ ಐಬು ಸಿಕ್ಕೀತೇ ಎಂದು ಕದ್ದು ವಿಡಿಯೊ ಮಾಡಿದೆ. ಸಿಗಲಿಲ್ಲ. ಆದರೆ ಪಕ್ಕದಲ್ಲೇ ಲಡ್ಡು ಕುಪ್ಪಳಿಸುತ್ತ ಓಡಿಬಂದದ್ದೂ ಅದರಲ್ಲಿ ಸಿಕ್ಕಿತ್ತು. ಮರುದಿನ ಮಗಳು ಅದನ್ನೇ ಡಾಕ್ಟರಮ್ಮನಿಗೆ ತೋರಿಸಿದಳು. ಆಕೆ ಮೂರು ಸಲ ನೋಡಿ, ಮರಿಗೆ ಮಂಪರಿನ ಇಂಜೆಕ್ಷನ್ ಕೊಟ್ಟು, ಮಲಗಿಸಿ, ಹೆಬ್ಬೆರಳಿನಿಂದ ಮಂಡಿ ಒತ್ತಿದರು. ಚಿಪ್ಪು ತನ್ನ ಜಾಗದಿಂದ ಜಾರಿ ಮತ್ತೆ ಒಳಗೆ ಬಂತು. ನನ್ನ ಬೆರಳಿಗೂ ಮುಟ್ಟಿಸಿದರು. ಕೀಲು ಸವೆಯುವ ಮೊದಲೇ ತಿಳಿಯಿತು, ಆಪರೇಷನ್ ಆಯಿತು. ಈಗ ಲಡ್ಡು ಮೆಟ್ಟಿಲು ಹತ್ತುತ್ತದೆ.

ಒಡಹುಟ್ಟಿದ ಮರಿಗಳನ್ನೂ ತೋರಿಸಬೇಕು ಎಂದು ಡಾಕ್ಟರು ಹೇಳಿದ್ದರು. ರಘುವಿಗೆ ಹೇಳದೆ ಎರಡು ದಿನ ಕೂತೆ. ದೀಪ ಹಚ್ಚುವಾಗ, ರಾಣಿ ಕುಂಟಲೆಂದು ಕಾಯುತ್ತಿದ್ದ ನನ್ನ ಮನಸ್ಸು ನನಗೇ ಕಂಡಿತು. ಅಲ್ಲೇ ನಿಂತು ಫೋನ್ ಮಾಡಿದೆ. ಅವನು ತೋರಿಸಿಕೊಂಡು ಬಂದ. ರಾಣಿಯ ಮಂಡಿ ಕಲ್ಲಿನಂತಿದೆಯಂತೆ! ನನ್ನ ಹೊಟ್ಟೆಯ ಉರಿ ಇನ್ನೂ ಪೂರ್ತಿ ಆರಿಲ್ಲ. ಆದರೆ ನಾನು ಬೇಡಿದ್ದರಲ್ಲಿ ಯಾವುದನ್ನು ಕೊಡಬೇಕೆಂದು ಬಲ್ಲ ಸ್ವಾಮಿಯ ಮೇಲೆ ನಂಬಿಕೆ ಮೊದಲಿಗಿಂತ ಗಟ್ಟಿಯಾಗಿದೆ.

ಭೈರವನ ಭಕ್ತರೇ, ಮರಿ ಕುಪ್ಪಳಿಸಿದರೆ ಸಮನೆಲದಲ್ಲಿ ಓಡಿಸಿ, ಪಕ್ಕದಿಂದಲೂ ಹಿಂದಿನಿಂದಲೂ ವಿಡಿಯೊ ಮಾಡಿಕೊಂಡು ಹೋಗಿ. ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡಿ. ಯಾವ ಎಕ್ಸ್‌ರೇ ಎಂಬುದನ್ನು ಡಾಕ್ಟರೇ ಹೇಳಲಿ. ಅದೇ ಸೂಲಿನ ಮರಿ ಯಾರ ಮನೆಯಲ್ಲಿದ್ದರೂ, ಅವರನ್ನು ಕಂಡರೆ ನಿಮಗೆ ಆಗದಿದ್ದರೂ, ಅವತ್ತೇ ತಿಳಿಸಿ.