ವರ್ಣಾಬಾಯಿಯ ಎಲೆ

ಪಂಕಜಾಕ್ಷಿಬಾಯಿಯವರ ತಂದೆ ಸಿದ್ದಲಿಂಗಪ್ಪನವರು ಧಾರವಾಡದ ಕಡೆಯಿಂದ ಪುಣೆಗೆ ಬಂದು, ಅಲ್ಲಿನ ಕ್ಯಾಂಪ್ ಬಡಾವಣೆಯ ಒಂದು ಚಿತ್ರಮಂದಿರದ ಬಾಗಿಲಲ್ಲಿ ಟಿಕೇಟು ಹರಿಯುವ ಕೆಲಸ ಹಿಡಿದರು. ಅಲ್ಲಿ ನಡೆಯುತ್ತಿದ್ದುದೆಲ್ಲ ಇಂಗ್ಲಿಷ್ ಚಿತ್ರಗಳು. ಅವರ ಹೆಂಡತಿ ನಾಗವ್ವನಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದು. ಆದರೂ ವರ್ನಾ ಕಾಲ್ಬಿ ಎಂಬ ಅಮೆರಿಕದ ನಟಿಯ ಚಿತ್ರ ಬಂತೆಂದರೆ ಮಗಳ ಕೈ ಹಿಡಿದು ಹೊರಟುಬಿಡುತ್ತಿದ್ದಳು. ಅವಳ ಬಾಯಲ್ಲಿ ಆ ಹೆಸರು ವರ್ಣಾಬಾಯಿ ಆಯಿತು. ನಾಯಕಿಯ ಗೆಳತಿಯಾಗಿ, ದಾದಿಯಾಗಿ, ಕೊನೆಗೆ ನಾಯಕಿಯೇ ಆಗಿ ವರ್ಣಾಬಾಯಿ ಹತ್ತಾರು ಚಿತ್ರಗಳಲ್ಲಿ ಕಾಣಿಸಿಕೊಂಡಳು. ಆಮೇಲೆ ಅವಳ ಚಿತ್ರವೇ ಬರಲಿಲ್ಲ.

"ಎಲ್ಲ್ಯದಾಳಂತ ಕೇಳ್ಕೊಂಡು ಬರ್ರಿ," ಎಂದು ನಾಗವ್ವ ಗಂಡನ ಬೆನ್ನು ಹತ್ತಿದಳು. ಚಿತ್ರಮಂದಿರದ ಮರಾಠಿ ಮ್ಯಾನೇಜರು, "ತೀ ಗೇಲಿ," ಎಂದರು. ಸಿದ್ದಲಿಂಗಪ್ಪನವರು ಮನೆಗೆ ಬಂದು ಅದನ್ನೇ ಕನ್ನಡದಲ್ಲಿ ಹೇಳಿದರು: "ಆಕಿ ಹೋದಳಂತ."

ನಮ್ಮ ಕಡೆ ಬದುಕಿರುವವರು ಹೋಗಿಬರುತ್ತಾರೆ. ಹೋದರು ಎಂದರೆ ತೀರಿಕೊಂಡರು ಎಂದೇ ಅರ್ಥ. ನಾಗವ್ವ ಒಲೆಯ ಮುಂದೆ ಕುಳಿತು ಅತ್ತಳು. ಆ ವರ್ಷದ ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಬಡಿಸುವಾಗ ಒಂದು ಎಲೆ ಹೆಚ್ಚಿಗೆ ಹಾಕಿ, ಅದರ ಮುಂದೆ ಪತ್ರಿಕೆಯಿಂದ ಕತ್ತರಿಸಿದ ವರ್ಣಾಬಾಯಿಯ ಫೋಟೋ ಇಟ್ಟಳು. ಪಂಕಜಾಕ್ಷಿಗೆ ಆಗ ಹನ್ನೊಂದು ವರ್ಷ.

ಎಡೆ ಬಡಿಸಿ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಹಿರಿಯರು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕೂಡುವುದು ಆ ಮನೆಯ ಪದ್ಧತಿ. ಪ್ರತಿ ವರ್ಷವೂ ಬಾಗಿಲು ತೆರೆದಾಗ ವರ್ಣಾಬಾಯಿಯ ಲೋಟದಲ್ಲಿ ಮಾತ್ರ ನೀರು ಎರಡು ಬೆರಳು ಇಳಿದಿರುತ್ತಿತ್ತು. ತಾಯಿ ಅದನ್ನು ನೋಡಿ, ಲೋಟವನ್ನು ಮತ್ತೆ ತುಂಬಿಡುತ್ತಿದ್ದಳು.

ಪಂಕಜಾಕ್ಷಿಬಾಯಿ ಮದುವೆಯಾಗಿ ಪುಣೆಯದೇ ಧನಕವಡಿಗೆ ಬಂದರು. ಕಾಲೇಜೊಂದರ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ದುಡಿದರು. ತಾಯಿ ಹೋದ ಮೇಲೆ ಆ ಎಲೆ ಇವರ ಪಾಲಿಗೆ ಬಂತು. ಗಂಡ ತೀರಿಕೊಂಡ ವರ್ಷ, ಮುಚ್ಚಿದ ಬಾಗಿಲಿನಾಚೆ ಯಾರೋ ಗಟಗಟನೆ ನೀರು ಕುಡಿಯುವ ಸದ್ದು ಕೇಳಿಸಿತು. ಅಂದಿನಿಂದ ಅವರು ಆ ಬಾಗಿಲಿಗೆ ಬೆನ್ನು ಕೊಟ್ಟು ಕೂಡಲಿಲ್ಲ.

ಈ ಸಲದ ಅಮಾವಾಸ್ಯೆಗೆ ಹಿಂಜವಾಡಿಯ ಕಚೇರಿಗೆ ರಜೆ ಹಾಕಿ ಬಂದಿದ್ದ ಮೊಮ್ಮಗಳು ಸೋನಾಲಿ, ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದವಳು ಕೂಗಿದಳು: "ಅಜ್ಜೀ, ನಿನ್ನ ವರ್ಣಾಬಾಯಿ ಸತ್ತೇ ಇಲ್ಲ! ತೊಂಬತ್ನಾಲ್ಕು ವರ್ಷಂತ. ಲಗ್ನಾ ಮಾಡಿಕೊಂಡು, ಸಿನಿಮಾ ಬಿಟ್ಟು, ಹಳ್ಳಿಯೊಳಗ ಕುದರಿ ಸಾಕ್ಕೋತ ಇದ್ದಳಂತ. ನೀ ಎಡಿ ಇಟ್ಟಿಟ್ಟು ಆಕಿ ಆಯುಷ್ಯ ಬೆಳಸೀದಿ ನೋಡು!"

ಪಂಕಜಾಕ್ಷಿಬಾಯಿ ನಗಲಿಲ್ಲ. ಹೋಳಿಗೆ ಬಡಿಸುತ್ತಿದ್ದ ಕೈ ಅಲ್ಲೇ ನಿಂತಿತು.

"ಹಂಗಾರ ಇಷ್ಟು ವರ್ಷ ಬಂದಾಕಿ ಯಾರ?"

ಸೋನಾಲಿಯ ನಗುವೂ ನಿಂತಿತು. "ಆ ಎಲಿ ತಗದಬಿಡು ಅಜ್ಜಿ. ನನಗ ಹೆದರಿಕಿ ಬರ್ತದ."

ತೆಗೆಯಲೆಂದು ಎಲೆಯ ಅಂಚು ಹಿಡಿದಾಗ, ಚಿಕ್ಕಂದಿನಲ್ಲಿ ಅರೆನಿದ್ದೆಯಲ್ಲಿ ಕೇಳಿ ಮರೆತಿದ್ದ ಒಂದು ಜಗಳ ಅವರಿಗೆ ನೆನಪಾಯಿತು. "ಆಕಿ ಬದುಕ್ಯಾಳ, ಗಂಡನ ಮನಿಗೆ ಹೋಗ್ಯಾಳಂತ. ಎಲಿ ತಗಿ," ಎಂದಿದ್ದರು ತಂದೆ. "ಇರಲಿ ಬಿಡ್ರಿ," ಎಂದಿದ್ದಳು ತಾಯಿ. "ನನ್ನ ಕೂಸಿಗೆ ಎಡಿ ಇಡಲಿಕ್ಕೆ ಯಾರು ಬಿಟ್ರು?"

ಪಂಕಜಾಕ್ಷಿ ಹುಟ್ಟುವ ಮೊದಲು ನಾಗವ್ವನಿಗೆ ಒಂದು ಹೆಣ್ಣುಕೂಸು ಹುಟ್ಟಿ, ತೊಟ್ಟಿಲಿಗೆ ಹಾಕುವ ಮುನ್ನವೇ ತೀರಿಕೊಂಡಿತ್ತು. ಅಷ್ಟು ಚಿಕ್ಕ ಕೂಸಿಗೆ ಎಡೆ ಇಡುವ ಪದ್ಧತಿಯಿಲ್ಲ. ಅರುವತ್ತೈದು ವರ್ಷ ಅದು ಪರರ ಹೆಸರಿನಲ್ಲಿ ಬಂದು ಉಂಡಿತ್ತು.

ಪಂಕಜಾಕ್ಷಿಬಾಯಿ ಫೋಟೋ ತೆಗೆದು ಮೊಮ್ಮಗಳ ಕೈಗಿತ್ತರು. "ಬದುಕಿದಾಕೀದು. ಹೊರಗ ಇಡು." ಎಲೆಯನ್ನು ತೆಗೆಯಲಿಲ್ಲ. ತಂದೆಯನ್ನು ಕರೆದರು, ತಾಯಿಯನ್ನು ಕರೆದರು, ಗಂಡನನ್ನು ಕರೆದರು. ಕೊನೆಯ ಎಲೆಯ ಮುಂದೆ ನಾಲಗೆ ತಡವರಿಸಿತು. ಆ ಕೂಸಿಗೆ ಯಾರೂ ಹೆಸರಿಟ್ಟಿರಲಿಲ್ಲ.

"ಬಾ ಅಕ್ಕಾ," ಎಂದರು.

ಬಾಗಿಲು ಮುಂದೆ ಮಾಡಿ ಹೊರಗೆ ಕುಳಿತರು. ಎಷ್ಟೋ ಹೊತ್ತಿನ ಮೇಲೆ ಸೋನಾಲಿ ಮೆಲ್ಲಗೆ ಕೇಳಿದಳು: "ಅಜ್ಜಿ, ಬಾಗಲಾ ತಗೀಲೇನು?"

"ತಡಿಯವಾ. ಸಣ್ಣ ಕೂಸು, ಉಣ್ಣಲಿಕ್ಕೆ ಹೊತ್ತಾಗ್ತದ."