ಶಾರದಕ್ಕನ ಪಾಳಿ

ಮೈದಾ ಅಂಟು ಕುದಿಯುವಾಗ ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿದರೆ ಒಂದು ವಾಸನೆ ಏಳುತ್ತದೆ, ಹಸಿ ಹಿಟ್ಟಿಗೆ ತಾಮ್ರದ ಚೊಂಬಿನ ವಾಸನೆ ಬೆರೆತಂತೆ. ಈಚೆಗೆ ಸಾಗರದ ಪೇಟೆಯಲ್ಲಿ ಒಂದು ಪ್ರೆಸ್ಸಿನ ಬಾಗಿಲು ದಾಟುವಾಗ ಅದು ಮೂಗಿಗೆ ಬಡಿಯಿತು. ಅಲ್ಲೇ ನಿಂತುಬಿಟ್ಟೆ. ನಿಮಗೂ ಇಂಥ ಒಂದು ವಾಸನೆ ಇರುತ್ತದೆ, ಅದರ ಹಿಂದೆ ಈಗ ಇಲ್ಲದ ಒಂದು ಮನೆ ಇರುತ್ತದೆ. ನನಗೆ ಅದು ನಮ್ಮ ಕೇರಿಯ ಶಾರದಕ್ಕನ ಮನೆ. ಅವರು ಮನೆಯಲ್ಲೇ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದರು. ದಸರಾ ರಜೆ ಹತ್ತಿರ ಬಂತೆಂದರೆ ಕೇರಿಯವರೆಲ್ಲ ಅವರ ಜಗಲಿಯಲ್ಲಿ ಸೇರಿ, ಈ ರಜೆಗೆ ಯಾವ ಕಾದಂಬರಿ ಎಂದು ಜಗಳವಾಡುತ್ತಿದ್ದರು. ಪುಸ್ತಕ ಒಂದೇ, ಓದುವ ಮನೆಗಳು ಹಲವು. ಹಾಗಾಗಿ ಶಾರದಕ್ಕ ಹೊಲಿಗೆ ಬಿಚ್ಚಿ, ಮನೆಗೊಂದು ಭಾಗ ಹಂಚುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಪ್ರತಿ ಮನೆಯೂ ತನ್ನ ಭಾಗವನ್ನು ಪಕ್ಕದ ಮನೆಗೆ ದಾಟಿಸಬೇಕು. ಹೀಗೆ ಒಂದೇ ಕತೆಯಲ್ಲಿ ಒಬ್ಬರಿಗೆ ಮದುವೆ ಮೊದಲು, ಇನ್ನೊಬ್ಬರಿಗೆ ಸಾವು ಮೊದಲು. ಎಲ್ಲರೂ ಓದಿ ಮುಗಿಸಿದ ಮೇಲೆ ಅಂಟು ಕುದಿಸಿ ಮತ್ತೆ ಬೈಂಡ್. ನಾನು ಕತೆ ಓದುವುದನ್ನು ಕಲಿತದ್ದು ಹೀಗೇ, ನಡುವಿನಿಂದ ಶುರುಮಾಡಿ, ಹಿಂದಿನದನ್ನು ಊಹಿಸಿಕೊಳ್ಳುತ್ತಾ.

ಅವರ ಮನೆಯ ಈಚೆ ಪಕ್ಕ ನಾವು, ಆಚೆ ಪಕ್ಕ ವೆಂಕಟಣ್ಣ. ವೆಂಕಟಣ್ಣನಿಗೆ ಮಾತ್ರ ತಾಳ್ಮೆ ಕಡಿಮೆ. ಒಂದು ವರ್ಷ ನಾಯಕಿ ಬದುಕುತ್ತಾಳೋ ಇಲ್ಲವೋ ಅಷ್ಟಾದರೂ ಹೇಳಿ ಎಂದು ನಲ್ಲಿಯ ಹತ್ತಿರ ಶಾರದಕ್ಕನನ್ನು ಪೀಡಿಸಿದರು. ಶಾರದಕ್ಕ ಕೊಡ ಸೊಂಟಕ್ಕೆ ಏರಿಸಿಕೊಂಡು, "ಅವಸರ ಎಂತಕ್ಕೆ? ನಿಮ್ಮ ಪಾಳಿ ಬಂದಾಗ ಸಾಯ್ತಾಳೆ ಬಿಡಿ" ಅಂದರು. ನಾಯಕಿ ಸಾಯಲಿಲ್ಲ. ಆ ಮಾತು ನಂಬಿ ವೆಂಕಟಣ್ಣ ಅವಳಿಗಾಗಿ ಮೊದಲೇ ಅತ್ತದ್ದು ದಂಡವಾಯಿತು.

ಈ ಮಳೆಗಾಲದಲ್ಲಿ ಶಾರದಕ್ಕ ತೀರಿಹೋದರು. ಅವರು ಇದ್ದ ಬಾಡಿಗೆ ಮನೆಯನ್ನು ಅಂಗಡಿ ಸಾಲಿಗಾಗಿ ಕೆಡವಿದರು, ಜಗಲಿಯೂ ಹೋಯಿತು. ರಜೆಯ ಓದನ್ನು ಗೊತ್ತುಮಾಡಲು ಈ ಸಲ ನಮ್ಮ ಮನೆಯಲ್ಲಿ ಸೇರಿದೆವು. ನೋಡಿ ಕಲಿತ ಕೈಯಿಂದ ಹೊಲಿಗೆಯನ್ನು ನಾನೇ ಬಿಚ್ಚಿದೆ. ಮನೆಗಳನ್ನು ಲೆಕ್ಕ ಹಾಕುವಾಗ ನಮ್ಮ ಮನೆ ಆದ ಮೇಲೆ ಶಾರದಕ್ಕನ ಹೆಸರು ಹೇಳಿದೆ.

ವೆಂಕಟಣ್ಣ ಮೆತ್ತಗೆ, "ಅಕ್ಕನ ಪಾಳಿ ತೆಗೆದ್ರೆ ಒಂದು ದಿನ ಉಳೀತದೆ ಮಾರಾಯ್ತಿ. ರಜೆ ಬೇರೆ ಕಮ್ಮಿ" ಅಂದರು.

"ಉಳಿಸಿ ಎಂತ ಮಾಡ್ತೀರಿ ವೆಂಕಟಣ್ಣ? ಮನೆ ಕೆಡವಿದ್ದಾಯ್ತು. ಪಾಳಿ ಕೆಡವಕ್ಕೆ ನಾನು ಬಿಡಲ್ಲ."

ಹಟ ಮಾಡಬೇಡ ಎಂದು ಅಮ್ಮ ಕಣ್ಣಲ್ಲೇ ಗದರಿದಳು. ಸತ್ತವರು ಓದುತ್ತಾರಾ ಎಂದು ಯಾರೋ ಗೊಣಗಿದರು. ಓದದಿದ್ದರೆ ಬೇಡ, ಆ ದಿನ ಅವರದ್ದೇ ಎಂದೆ. ರಜೆ ಮುಗಿದರೆ ಮುಗಿಯಲಿ, ಆಮೇಲೂ ಓದೋಣ ಎಂದೆ. ನನಗೆ ಅಳು ಬಂದಿತ್ತು, ದನಿ ಮಾತ್ರ ಇಳಿಸಲಿಲ್ಲ.

ಈಗ ನಮ್ಮಲ್ಲಿ ಓದಿ ಮುಗಿದ ಭಾಗ ನಮ್ಮ ಜಗಲಿಯ ಕಿಟಕಿಯಲ್ಲಿ ಒಂದು ದಿನ ಇರುತ್ತದೆ. ಯಾರೂ ಮುಟ್ಟುವುದಿಲ್ಲ. ಮರುದಿನ ಅದು ವೆಂಕಟಣ್ಣನ ಮನೆಗೆ ಹೋಗುತ್ತದೆ. ನಿನ್ನೆ ಕಿಟಕಿಯಲ್ಲಿ ಇದ್ದದ್ದು ಕೊನೆಯ ಭಾಗ. ಸಂಜೆ ವೆಂಕಟಣ್ಣ ಬಂದರು, ಕಿಟಕಿಯ ಮುಂದೆ ಸುಮಾರು ಹೊತ್ತು ನಿಂತರು. ನಾನು ತಡೆಯಲು ಏಳುವುದರಲ್ಲಿದ್ದೆ.

"ಅಕ್ಕ ಓದ್ಲಿ," ಅಂದರು. "ನಾಳೆ ಬರ್ತೀನಿ."