ಕೈ ನಡುಕ ನಿಂತ ಮೇಲೆ

ಮೊದಲು ನಡುಗಿದ್ದು ಬಲಗೈ ಹೆಬ್ಬೆರಳು. ಚಹಾ ಕುಡಿಯುವಾಗ ಬಸಿ ಟಕಟಕ ಅಂದಿತು. ನಮ್ಮ ಮನೆಯವರು ಕಪ್ಪನ್ನು ಕೆಳಗಿಟ್ಟು ಆ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತರು. ಇಪ್ಪತ್ತೆರಡು ವರ್ಷ ಫೌಜಿನಲ್ಲಿದ್ದು ಹವಾಲ್ದಾರರಾಗಿ ರಿಟೈರ್ ಆದವರು, ಆಮೇಲೆ ಕುರೆಕುಪ್ಪದ ಹತ್ತಿರ ಒಂದು ಗೋದಾಮಿನ ಗೇಟು ಕಾಯ್ದವರು. ನಾನು ನೋಡಿದೆ ಅಂತ ಅವರಿಗೂ ಗೊತ್ತಾಯಿತು. 

ಎಂಟು ತಿಂಗಳು ಡಾಕ್ಟರ ಹತ್ತಿರ ಹೋಗಲಿಲ್ಲ.

ಹೋದಾಗ ಡಾಕ್ಟರು ಪಾರ್ಕಿನ್ಸನ್ಸ್ ಅಂದರು. ಮಾತ್ರೆ ಐದು ವರ್ಷ ಕೆಲಸ ಮಾಡಿತು, ಆಮೇಲೆ ಸಾಲದಾಯಿತು. ಅಂಗಿಯ ಗುಂಡಿ ನಾನು ಹಾಕತೊಡಗಿದೆ. ಅನ್ನ ಕಲಸಿ ಕೊಡತೊಡಗಿದೆ. ಬೆಂಗಳೂರಿನ ಡಾಕ್ಟರ್ ಡೀಪ್ ಬ್ರೇನ್ ಸ್ಟಿಮ್ಯುಲೇಷನ್ ಮಾಡಿಸಿ ಎಂದರು. ಮೆದುಳಿನೊಳಗೆ ಎರಡು ತಂತಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ, ಕರೆಂಟು ಎಷ್ಟಿರಬೇಕೆಂದು ಡಾಕ್ಟರೇ ಹೊರಗಿನಿಂದ ಟ್ಯಾಬ್‌ನಲ್ಲಿ ಸೆಟ್ ಮಾಡುತ್ತಾರೆ. ನಾನು ಇನ್ನೂ ಯೋಚಿಸುತ್ತಿದ್ದೆ. ಇವರು ಒಂದೇ ನಿಮಿಷದಲ್ಲಿ ಹೂಂ ಅಂದರು.

ಆಪರೇಷನ್ ಆಗಿ ಕರೆಂಟು ಕೊಟ್ಟ ದಿನ ಕೈ ನಡುಕ ನಿಂತಿತು.

ತುಂಗಭದ್ರಾ ಡ್ಯಾಂ ಪಕ್ಕದ ನಮ್ಮ ಮನೆಗೆ ಇವರ ಫೌಜಿ ಗೆಳೆಯರಿಬ್ಬರು ನೋಡಲು ಬಂದರು. ಸುಬೇದಾರ್ ಆಗಿದ್ದ ರುದ್ರಪ್ಪನವರು ಇವರ ಎದೆಯ ಮೇಲಿನ ಉಬ್ಬನ್ನು ಮುಟ್ಟಿ ಮುಟ್ಟಿ ನೋಡಿದರು.

“ಹೊರದೇಶದಾಗ ಫೌಜಿನ ಹುಡುಗರಿಗೂ ಇಂಥಾದ್ದ ಹಾಕಾಕ ನೋಡಾಕತ್ತಾರಂತ. ನಿದ್ದಿ ಬ್ಯಾಡ, ಹೆದರಿಕಿ ಇಲ್ಲ. ಗಡಿ ಕಾಯುವಾಗ ಆ ಹಿಮದಾಗ ನಮಗೊಂದು ಇದ್ದಿದ್ರ ಮಸ್ತ್ ಇರ್ತಿತ್ತು ನೋಡ್ರಿ!”

ಸಂಡೂರಿನ ಹುಸೇನಸಾಬರು ತಲೆಯಾಡಿಸಿದರು. “ಡ್ಯೂಟಿ ಮುಗದ ಮ್ಯಾಲೆ ರೈಫಲ್ ಜಮಾ ಮಾಡಿ ಸಹಿ ಹಾಕ್ತಿದ್ವಿ. ತಲಿಯಾಗಿನ ಮಿಷನ್ ಎಲ್ಲಿ ಜಮಾ ಮಾಡಾದು ಸಾಬ್? ರಜಾಕ್ಕ ಮನಿಗ್ ಬಂದ್ರ ಹೆಂಡ್ತಿ ಮುಂದ ಕುಂದ್ರಾವ ಯಾವನು, ನಾನೋ ಮಿಷನ್ನೋ?”

“ನಿನ್ನ ಕೈ ನಡುಗಿಲ್ಲ ಲೇ ಹುಸೇನಾ,” ಅಂದರು ಇವರು. “ಅದಕ್ಕ ಹಿಂಗ ಮಾತಾಡ್ತಿ.”

ಎಲ್ಲರೂ ನಕ್ಕರು. ನಾನೂ ನಕ್ಕು ಒಳಗೆ ಮೆಣಸಿನಕಾಯಿ ಬಜ್ಜಿ ಹಾಕಲು ಹೋದೆ.

ನಡುಕ ಮತ್ತೆ ಇಣುಕಿದಾಗ ಡಾಕ್ಟರು ಎರಡು ಸಲ ಸೆಟ್ಟಿಂಗ್ ಏರಿಸಿದರು. ಅಲ್ಲಿಂದ ಇವರ ನಿದ್ದೆ ಮೂರು ತಾಸಿಗೆ ಇಳಿಯಿತು. ಬಾಯಿಗೆ ಬಿಡುವಿಲ್ಲ. ಡ್ಯಾಂ ಗೇಟು ತೆಗೆದು ಹೊಳೆ ತುಂಬಿ ಹರಿಯುವಾಗ ಹಂಪಿಯಲ್ಲಿ ಈಜುತ್ತೇನೆಂದು ಇಳಿದೇಬಿಟ್ಟರು. ಹರಿಗೋಲಿನವರು ಬೈದು ಎಳೆದು ತಂದರು. ನಾನು ದಂಡೆಯಲ್ಲಿ ಅಳುತ್ತಾ ಬೈಯುತ್ತಿದ್ದೆ, ಇವರು ಮೈ ಒರೆಸಿಕೊಳ್ಳುತ್ತಾ ನಗುತ್ತಿದ್ದರು.

ಅದಾದ ಮೇಲೆ ಕಂಪ್ಲಿಯಲ್ಲಿ ಗಂಗಮ್ಮಕ್ಕ ತೀರಿಕೊಂಡರು. ಇವರಿಗೆ ತಾಯಿಯ ನೆನಪಿಲ್ಲ. ಹೊತ್ತು ಬೆಳೆಸಿದವರು ಆ ಅಕ್ಕ, ಫೌಜಿಗೆ ಹೊರಟಾಗ ರೊಟ್ಟಿ ಕಟ್ಟಿ ಸ್ಟೇಷನ್ನಿಗೆ ಬಂದವರು. ಮಣ್ಣು ಮಾಡುವ ದಿನ ಇವರು ಕುರ್ಚಿಗಳನ್ನು ಸಾಲಾಗಿ ಇಡಿಸಿದರು, ಬೈಕುಗಳನ್ನು ಒಂದೇ ಕಡೆ ನಿಲ್ಲಿಸಿದರು, ಬಂದ ಗಂಡಸರಿಗೆ ಜೋಕು ಹೇಳಿದರು.

ಕಣ್ಣಲ್ಲಿ ಒಂದು ಹನಿ ಇಲ್ಲ.

ಅಕ್ಕನ ಸೊಸೆ ಶಾಂತಾ ನನ್ನನ್ನೇ ನೋಡುತ್ತಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಫಾಲೋಅಪ್‌ನಲ್ಲಿ ಡಾಕ್ಟರ್ ಕೇಳಿದರು: “ನಿದ್ದೆ ಹೇಗಿದೆ? ಮನಸ್ಸು ಹೇಗಿದೆ?”

“ಏಕ್‌ದಂ ಫಿಟ್ ಸಾರ್.”

ನಾನು ಪಕ್ಕದಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ. ನಿಜ ಹೇಳುತ್ತೇನೆ, ಅದು ನನ್ನ ಸ್ವಾರ್ಥ. ಇವರು ತಾವೇ ಉಣ್ಣುತ್ತಿದ್ದರು, ತಾವೇ ಗುಂಡಿ ಹಾಕಿಕೊಳ್ಳುತ್ತಿದ್ದರು. ಬೆಳಿಗ್ಗೆ ನನ್ನ ಚಹಾ ನಾನು ಬಿಸಿಯಾಗಿ ಕುಡಿಯುವಂತಾಗಿತ್ತು. ಅದನ್ನು ಕಳೆದುಕೊಳ್ಳಲು ನನಗೆ ಧೈರ್ಯ ಬರಲಿಲ್ಲ.

ಕೊನೆಗೆ ಹುಸೇನಸಾಬರ ಮುಂದೆ ಎಲ್ಲಾ ಹೇಳಿಕೊಂಡು ಅತ್ತೆ.

“ಫೌಜ್ನಾಗ ಡಾಕ್ಟರ್ ಮುಂದ ಯಾರೂ ಖರೆ ಹೇಳಲ್ಲಕ್ಕಾ,” ಅಂದರು. “ಮೆಡಿಕಲ್ ಕೆಟಗರಿ ಇಳಿಸಿದ್ರ ಪ್ರಮೋಷನ್ ಹೋತು. ನಾನೂ ಒಂದು ಕಿವಿ ಕೇಳದಿದ್ರೂ ಫಿಟ್ ಅಂದಾವನ. ನಾಳೆ ಹುಡುಗರ ತಲಿಗೆ ಮಿಷನ್ ಹಾಕಿ ಹೆಂಗೈತಿ ಅಂತ ಕೇಳಿದ್ರೂ ಹಿಂಗ ಅಂತಾರ. ಅವ ಹೇಳಲ್ಲ. ನೀವ ಹೇಳ್ಬೇಕು.”

ಮುಂದಿನ ಸಲ ಹೇಳಿದೆ. ನಿದ್ದೆ, ಹೊಳೆ, ಅಕ್ಕನ ಸಾವು, ಎಲ್ಲ. ಡಾಕ್ಟರ್ ಪೆನ್ನು ಕೆಳಗಿಟ್ಟರು. “ಸೆಟ್ಟಿಂಗ್‌ನಿಂದ ಹೀಗಾಗಬಹುದು. ಮೊದಲೇ ಹೇಳಬೇಕಿತ್ತಮ್ಮ.” ಟ್ಯಾಬ್ ಮೇಲೆ ಬೆರಳಾಡಿಸಿ ಕರೆಂಟು ಇಳಿಸಿದರು.

ಅಲ್ಲೇ, ಕುರ್ಚಿಯಲ್ಲೇ, ಹೆಬ್ಬೆರಳು ನಡುಗಲು ಶುರುವಾಯಿತು.

ಇವರು ಅದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. “ನನ್ನ ಮ್ಯಾಲೆ ರಿಪೋರ್ಟ್ ಕೊಟ್ಟಿ.”

ಹೊಸಪೇಟೆಯ ತನಕ ರೈಲಿನಲ್ಲಿ ನನಗೆ ಬೆನ್ನು ಮಾಡಿ ಕೂತರು.  ಕಾಯಿಲೆ ಕೊಟ್ಟವಳು ನಾನಲ್ಲ, ಆದರೆ ಗುಣವಾದ ಕೈಯನ್ನು ಕಿತ್ತುಕೊಂಡವಳು ನಾನೇ. ಯಾರ ಹತ್ತಿರ ಹೋಗಿ ನ್ಯಾಯ ಕೇಳಲಿ? ನಾನು ಗುಂಡಿ ಹಾಕುವಾಗ ಇವರು ಗೋಡೆ ನೋಡುತ್ತಿದ್ದರು. ಇನ್ನೆರಡು ಸಲ ಹೋಗಿ ಬಂದ ಮೇಲೆ ನಡುಕ ಅರ್ಧಕ್ಕೆ ಇಳಿಯಿತು. ಇಷ್ಟೇ ಆಗುವುದು ಅಂದರು ಡಾಕ್ಟರ್. ನಿದ್ದೆ ಮಾತ್ರ ವಾಪಸ್ ಬಂತು. ಅಷ್ಟಕ್ಕೇ ಆ ಡಾಕ್ಟರಿಗೆ ಕೈ ಮುಗಿದೆ.

ಮೊನ್ನೆ ಬೆಳಿಗ್ಗೆ ಇದ್ದಕ್ಕಿದ್ದಂತೆ ಅಂದರು: “ಕಂಪ್ಲಿಗೆ ಹೋಗೂಣು.”

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ಅಕ್ಕನ ಮನೆಯ ಹೊಸ್ತಿಲು ದಾಟಿದವರು, ಅಕ್ಕ ಮಲಗುತ್ತಿದ್ದ ಮಂಚ ಖಾಲಿ ಇರುವುದನ್ನು ನೋಡಿ ಅಲ್ಲೇ ಕುಸಿದರು. ಬಾಯಿ ತೆಗೆದು ಅತ್ತರು. ನಲವತ್ತು ವರ್ಷದ ಸಂಸಾರದಲ್ಲಿ ಆ ದನಿ ನಾನು ಕೇಳಿರಲಿಲ್ಲ. ಓಣಿಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದರು.

“ಯಾರು ಹೋದ್ರಬೇ?” ಅಂತ ಒಬ್ಬ ಮುದುಕಿ ಕೇಳಿದಳು.

“ಯಾರೂ ಇಲ್ಲಬೇ,” ಅಂದಳು ಶಾಂತಾ. “ನಮ್ಮತ್ತಿ ಮಣ್ಣಿಗೆ ಮಾವ ಈಗ ಬಂದಾರ.”

ಕಣ್ಣೊರೆಸಿಕೊಳ್ಳಲು ಇವರು ಎತ್ತಿದ ಕೈ ನಡುಗಿ ಮುಖದ ತನಕ ಹೋಗಲಿಲ್ಲ. ನಾನು ಸೆರಗಿನಿಂದ ಒರೆಸಿದೆ. ಇವರು ಮುಖ ತಿರುಗಿಸಲಿಲ್ಲ.